ಟ್ರಂಕಿನೊಳಗಿನ ಮನೆತನ: ನೆನಪಿನ ಪುಸ್ತಕವನ್ನು ಡಿಜಿಟಲ್ ಮಾಡುವ ಬಗೆ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಮನೆಗಳಲ್ಲಿ ನೆನಪುಗಳೆಲ್ಲ ಒಂದೇ ಪುಸ್ತಕದಲ್ಲಿ ಸಿಗುವುದು ಅಪರೂಪ. ಮದುವೆಯ ಆಲ್ಬಮ್ ಕಪಾಟಿನಲ್ಲಿರುತ್ತದೆ. ಉಳಿದದ್ದೆಲ್ಲ ತಗಡಿನ ಟ್ರಂಕಿನಲ್ಲಿ: ಮೂಲೆಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳು, ಜಾತ್ರೆಯಲ್ಲಿ ಬಣ್ಣದ ಪರದೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ, ಯಾರು ಎಷ್ಟು ಆಯೇರಿ ಮಾಡಿದರೆಂದು ಬರೆದಿಟ್ಟ ನೋಟ್‌ಬುಕ್ಕು, ಮಕ್ಕಳ ಅಂಕಪಟ್ಟಿ, ಹಳೆಯ ಪಹಣಿ, ಊರ ಸುದ್ದಿ ಬಂದ ಪತ್ರಿಕೆಯ ತುಣುಕು. ಹಿರಿಯರು ಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿರುತ್ತಾರೆ. ಕೆಲವು ಮನೆಗಳಲ್ಲಿ ಶ್ರದ್ಧೆಯುಳ್ಳ ಒಬ್ಬ ಮಗಳೋ ಸೊಸೆಯೋ ಇವುಗಳನ್ನು ಒಂದು ದಪ್ಪ ಪುಸ್ತಕಕ್ಕೆ ಅಂಟಿಸಿ, ಕೆಳಗೆ ಎರಡೆರಡು ಸಾಲು ಬರೆದಿರುತ್ತಾಳೆ. ಆ ಮನೆಗಳವರು ಪುಣ್ಯವಂತರು.

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಇದನ್ನೆಲ್ಲ ಅದರೊಳಗೆ ತಂದುಬಿಡೋಣ ಎಂಬ ಆಸೆ ಹುಟ್ಟುವುದು ಸಹಜ. ಆದರೆ ಹೆಚ್ಚಿನವರು ಸ್ಕ್ಯಾನ್ ಮಾಡುವುದನ್ನೇ ಇಡೀ ಕೆಲಸ ಎಂದುಕೊಳ್ಳುತ್ತಾರೆ. ಅದು ಇದರಲ್ಲಿ ಅತಿ ಸುಲಭದ ಭಾಗ. ಚಿತ್ರದ ನಕಲು ಕ್ಷಣದಲ್ಲಿ ಆಗುತ್ತದೆ, ಹತ್ತು ವರ್ಷ ಬಿಟ್ಟು ಮಾಡಿದರೂ ಆಗುತ್ತದೆ. ಚಿತ್ರದಲ್ಲಿ ನಿಂತವರು ಯಾರು ಎಂದು ಹೇಳಬಲ್ಲ ಅಜ್ಜಿ ಹತ್ತು ವರ್ಷ ಕಾಯುವುದಿಲ್ಲ. ಆದ್ದರಿಂದ ಯಂತ್ರದ ವಿಷಯವನ್ನು ಬೇಗ ಮುಗಿಸಿ, ಹೆಸರಿನ ವಿಷಯಕ್ಕೆ ಹೆಚ್ಚು ಸಮಯ ಕೊಡಿ ಎಂಬುದೇ ನನ್ನ ಮೊದಲ ಕೋರಿಕೆ.

ಮೊದಲು ಯಾವುದನ್ನು ಎತ್ತಿಕೊಳ್ಳಬೇಕು

ಅತಿ ಹಳೆಯದರಿಂದ ಆರಂಭಿಸಬೇಕು ಎಂದು ಅನ್ನಿಸುತ್ತದೆ. ಹಾಗೆ ಮಾಡಬೇಡಿ. ಕಪ್ಪು-ಬಿಳುಪು ಫೋಟೊದ ಚಿತ್ರ ಮೂಡಿರುವುದು ಬೆಳ್ಳಿಯ ಕಣಗಳಲ್ಲಿ. ಸ್ಟುಡಿಯೋದವರು ಅದನ್ನು ಸರಿಯಾಗಿ ತೊಳೆದಿದ್ದರೆ ಬಹುಕಾಲ ನಿಲ್ಲುತ್ತದೆ. ಬಣ್ಣದ ಫೋಟೊದಲ್ಲಿ ಇರುವುದು ಮೂರು ಪದರಗಳ ರಾಸಾಯನಿಕ ಬಣ್ಣ. ಶಾಖ ಮತ್ತು ಬೆಳಕು ಅವನ್ನು ಕೆಡಿಸುತ್ತವೆ, ಅದೂ ಒಂದೊಂದನ್ನು ಒಂದೊಂದು ವೇಗದಲ್ಲಿ. ಯಾದಗಿರಿಯ ಬೇಸಿಗೆ 42 ಡಿಗ್ರಿ ದಾಟುವುದು ಹೊಸತಲ್ಲ. ಪತ್ರಾಸಿನ ಕೆಳಗಿನ ತಗಡಿನ ಟ್ರಂಕಿನೊಳಗೆ ಅದಕ್ಕೂ ಹೆಚ್ಚು. ಹೀಗಾಗಿ ಅಜ್ಜನ 1950ರ ದಶಕದ ಚಿತ್ರ ಇನ್ನೂ ಸ್ಪಷ್ಟವಾಗಿದ್ದು, ಮಗಳ 1988ರ ಮದುವೆಯ ಚಿತ್ರ ಕೆಂಪಗೆ ತಿರುಗಿರುವುದನ್ನು ಮನೆಮನೆಯಲ್ಲೂ ಕಾಣುತ್ತೇವೆ. ನುಸಿಗುಳಿಗೆ ಹುಳವನ್ನು ದೂರ ಇಟ್ಟೀತು, ಬಿಸಿಲ ಝಳವನ್ನಲ್ಲ. 1980–90ರ ದಶಕಗಳ ಬಣ್ಣದ ಚಿತ್ರಗಳನ್ನೇ ಮೊದಲು ಎತ್ತಿಕೊಳ್ಳಿ.

ಅದಕ್ಕಿಂತಲೂ ಮೊದಲು ಮದುವೆಯ ವಿಎಚ್‌ಎಸ್ ಕ್ಯಾಸೆಟ್. ಟೇಪಿನ ಮೇಲಿನ ಕಾಂತೀಯ ಲೇಪನ ವರ್ಷಗಳು ಕಳೆದಂತೆ ಸವೆಯುತ್ತದೆ. ಅದನ್ನು ಓಡಿಸುವ ವಿಸಿಆರ್ ತಯಾರಿಕೆಯನ್ನು ಕೊನೆಯದಾಗಿ ನಡೆಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲೇ ನಿಲ್ಲಿಸಿತು. ನಡೆಯುವ ಯಂತ್ರ ಇಟ್ಟುಕೊಂಡು ಪರಿವರ್ತಿಸಿ ಕೊಡುವ ಅಂಗಡಿಗಳು ದೊಡ್ಡ ಊರುಗಳಲ್ಲಿ ಇನ್ನೂ ಕೆಲವು ಉಳಿದಿವೆ. ಮುಂದೆ ಉಳಿದಾವೆಂದು ನಂಬಿ ಕೂರಬಾರದು. ಪರಿವರ್ತಿಸಿದ ಮೇಲೆ ಡಿವಿಡಿಯಲ್ಲಿ ಬೇಡ, ಎಂಪಿ4 ಕಡತವಾಗಿ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ.

ಹೊಳೆಯ ದಂಡೆಯ ಊರುಗಳಿಗೆ ಇನ್ನೊಂದು ಭಯವಿದೆ. 2009ರ ನೆರೆ, 2019ರ ಆಗಸ್ಟ್‌ನಲ್ಲಿ ಕೃಷ್ಣೆ, 2020ರ ಅಕ್ಟೋಬರ್‌ನಲ್ಲಿ ಭೀಮೆ – ಮೂರು ಸಲವೂ ಈ ಜಿಲ್ಲೆಯ ಜನ ಮನೆ ಬಿಟ್ಟು ಎದ್ದು ಹೋಗಬೇಕಾಯಿತು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ನಡುಗಡ್ಡೆಯ ನೀಲಕಂಠರಾಯನಗಡ್ಡಿ ಸಂಪರ್ಕ ಕಳೆದುಕೊಂಡ ಸುದ್ದಿಯನ್ನು ನಾವು ಓದಿದ್ದೇವೆ. ಅಂಥ ಹೊತ್ತಿನಲ್ಲಿ ಕೈಗೆ ಸಿಗುವುದು ಆಧಾರ್ ಕಾರ್ಡು, ಪಾಸ್‌ಬುಕ್ಕು, ಒಡವೆ. ಟ್ರಂಕು ಅಲ್ಲೇ ಉಳಿಯುತ್ತದೆ. ಫೋಟೊಗಳು ನೆನೆದೇ ಬಿಟ್ಟರೆ ಒಂದು ಮಾತು ನೆನಪಿಡಿ: ಒಂದಕ್ಕೊಂದು ಅಂಟಿದ ಗಂಟನ್ನು ಹಾಗೆಯೇ ಒಣಗಲು ಬಿಡಬಾರದು, ಒಣಗಿದರೆ ಮತ್ತೆ ಬಿಡಿಸಲಾಗದು. ಹಸಿ ಇರುವಾಗಲೇ ಶುದ್ಧ ತಣ್ಣೀರಿನಲ್ಲಿ ಮುಳುಗಿಸಿ, ಮೆಲ್ಲಗೆ ಬೇರ್ಪಡಿಸಿ, ಚಿತ್ರದ ಮುಖ ಮೇಲಿರುವಂತೆ ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಬೇಕು. ಒರೆಸಬಾರದು, ಬಿಸಿಲಿಗೆ ಇಡಬಾರದು. ಅಂದೇ ಬಿಡಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಟ್ಟು, ಸಮಾಧಾನವಾದ ಮೇಲೆ ತೆಗೆಯಬಹುದು.

ಅಂಟಿದ್ದನ್ನು ಕೀಳುವ ಮೊದಲು

ಹಳೆಯ ಸ್ಕ್ರ್ಯಾಪ್‌ಬುಕ್ ಕೈಗೆ ಬಂದೊಡನೆ ಚಿತ್ರಗಳನ್ನು ಬಿಡಿಸತೊಡಗುವುದು ದೊಡ್ಡ ನಷ್ಟ. ಯಾವ ಚಿತ್ರದ ಪಕ್ಕ ಯಾವುದಿತ್ತು, ಕೆಳಗೆ ಯಾರ ಕೈಬರಹ ಇತ್ತು ಎಂಬುದೇ ಅರ್ಧ ಮಾಹಿತಿ. ಮೊದಲು ಪ್ರತಿ ಪುಟವನ್ನು ಇಡಿಯಾಗಿ ಸ್ಕ್ಯಾನ್ ಮಾಡಿ. ನಂತರ ಒಂದೊಂದು ಚಿತ್ರ. ಬಿಡಿ ಫೋಟೊ ಆಗಿದ್ದರೆ ಅದರ ಬೆನ್ನನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋದ ಮುದ್ರೆ, ಪೆನ್ಸಿಲ್ಲಿನಲ್ಲಿ ಬರೆದ ಹೆಸರು, ಕಾಗದದ ಕಂಪನಿಯ ಗುರುತು ಎಲ್ಲ ಅಲ್ಲೇ ಇರುತ್ತವೆ.

ಅಂಟಂಟಾದ ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಮ್‌ಗಳು ಒಂದು ಕಾಲದಲ್ಲಿ ಬಹಳ ಮಾರಾಟವಾದವು. ಆ ಗೋಂದು ಹಳದಿಯಾಗಿ ಫೋಟೊದ ಬೆನ್ನನ್ನು ಹಿಡಿದುಬಿಡುತ್ತದೆ. ಬಿಡಿಸಲೇಬೇಕಾದರೆ ಹಲ್ಲಿನ ಸಂದಿ ಸ್ವಚ್ಛ ಮಾಡುವ ದಾರವನ್ನು ಚಿತ್ರದ ಕೆಳಗೆ ತೂರಿಸಿ, ನಿಧಾನಕ್ಕೆ ಗರಗಸದಂತೆ ಎಳೆಯುತ್ತ ಹೋಗಬಹುದು. ಬರದಿದ್ದರೆ ಬಿಟ್ಟುಬಿಡಿ. ಗೋಡೆಯ ಮೇಲಿನ ಚಿತ್ರ ಗಾಜಿಗೆ ಅಂಟಿಕೊಂಡಿದ್ದರೂ ಅಷ್ಟೇ: ಗಾಜಿನ ಮೇಲಿನಿಂದಲೇ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಎಳೆದರೆ ಮುಖವೇ ಗಾಜಿಗೆ ಹೋಗುತ್ತದೆ. ಪತ್ರಿಕೆಯ ತುಣುಕುಗಳನ್ನು ಮಾತ್ರ ಫೋಟೊಗಳಿಂದ ಬೇರೆ ಇಡಿ. ಆ ಕಾಗದದಲ್ಲಿರುವ ಲಿಗ್ನಿನ್ ಆಮ್ಲವಾಗಿ ಮಾರ್ಪಟ್ಟು ಪಕ್ಕದಲ್ಲಿದ್ದುದನ್ನೂ ಕಂದು ಮಾಡುತ್ತದೆ.

ಸ್ಕ್ಯಾನರ್ ಇಲ್ಲದವರು ಮೊಬೈಲಿನಲ್ಲೇ ಚೆನ್ನಾಗಿ ಮಾಡಬಹುದು. ಬೆಳಗಿನ ಹೊತ್ತು ಪಡಸಾಲೆಯ ನೆರಳಿನಲ್ಲಿ, ನೇರ ಬಿಸಿಲು ಬೀಳದ ಕಡೆ, ಚಿತ್ರವನ್ನು ನೆಲದ ಮೇಲೆ ಸಪಾಟಾಗಿ ಇಟ್ಟು ನೆತ್ತಿಯ ಮೇಲಿನಿಂದ ತೆಗೆಯಬೇಕು. ಫ್ಲಾಶ್ ಬೇಡ. ಗೂಗಲ್‌ನ ಫೋಟೊಸ್ಕ್ಯಾನ್ ಎಂಬ ಉಚಿತ ಆ್ಯಪ್ ಒಂದೇ ಚಿತ್ರವನ್ನು ಬೇರೆ ಬೇರೆ ಕೋನದಿಂದ ತೆಗೆಸಿ, ಹೊಳಪಿನ ಮಚ್ಚೆಯನ್ನು ಅಳಿಸಿ ಒಂದಾಗಿ ಹೊಂದಿಸುತ್ತದೆ. ಮಿರುಗುವ ಫೋಟೊಗಳಿಗೆ ಇದು ಅನುಕೂಲ.

ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸುವುದಾದರೆ ‘600 ಡಿಪಿಐ, ಕಲರ್’ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ದಾಖಲೆಗಳಿಗೆ ಹೊಂದಿಸಿಟ್ಟ ಕಡಿಮೆ ಗುಣಮಟ್ಟದಲ್ಲೇ ಮಾಡಿಕೊಡುವುದು ರೂಢಿ. ಕಪ್ಪು-ಬಿಳುಪು ಚಿತ್ರವನ್ನೂ ಕಲರ್‌ನಲ್ಲೇ ಮಾಡಿಸಿ, ಹಳದಿ ಕಲೆ ಯಾವುದು ಚಿತ್ರ ಯಾವುದು ಎಂದು ಆಮೇಲೆ ಬೇರ್ಪಡಿಸಲು ಅದು ಬೇಕು. ಡಿಪಿಐ ಅಂದರೆ ಒಂದು ಇಂಚಿನಲ್ಲಿ ಎಷ್ಟು ಚುಕ್ಕೆ ಎಂಬ ಲೆಕ್ಕ. 4×6 ಇಂಚಿನ ಫೋಟೊವನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ 2400×3600, ಅಂದರೆ ಸುಮಾರು 86 ಲಕ್ಷ ಚುಕ್ಕೆಗಳು ಸಿಗುತ್ತವೆ. ಅದನ್ನು ಎರಡು ಪಟ್ಟು ದೊಡ್ಡದಾಗಿ ಮುದ್ರಿಸಿದರೂ ಮುಖ ಒಡೆಯುವುದಿಲ್ಲ. ಉತ್ತಮ ಗುಣಮಟ್ಟದ ಜೆಪೆಗ್ ಆಗಿ ಉಳಿಸಿದರೆ ಒಂದು ಚಿತ್ರಕ್ಕೆ ನಾಲ್ಕೈದು ಎಂಬಿ. 500 ಚಿತ್ರ ಕೂಡಿಸಿದರೂ ಎರಡೂವರೆ ಜಿಬಿ ದಾಟದು. ಜಾಗದ ಚಿಂತೆಯಿಂದ ಗುಣಮಟ್ಟ ಇಳಿಸುವ ಕಾರಣವೇ ಇಲ್ಲ.

ಚಿಕ್ಕ ಚಿತ್ರಗಳಿಗೆ ಇನ್ನೂ ಹೆಚ್ಚು ಬೇಕು. ನಮ್ಮ ಕಡೆ ಎಷ್ಟೋ ಅಜ್ಜಿಯರದು ಜೀವಮಾನದಲ್ಲಿ ಇರುವುದು ಒಂದೇ ಚಿತ್ರ: ಪಿಂಚಣಿ ಅರ್ಜಿಗೋ ಪಡಿತರ ಚೀಟಿಗೋ ತೆಗೆಸಿದ ಪಾಸ್‌ಪೋರ್ಟ್ ಅಳತೆಯದು. 3.5×4.5 ಸೆಂಟಿಮೀಟರಿನ ಆ ಚಿತ್ರವನ್ನು 1200 ಡಿಪಿಐನಲ್ಲಿ ಮಾಡಿದರೆ ಅಂದಾಜು 1650×2125 ಚುಕ್ಕೆ ಸಿಗುತ್ತವೆ. ಅಂಗೈಯಗಲದ ಒಳ್ಳೆಯ ಚಿತ್ರವೇ ಬರುತ್ತದೆ. ಇನ್ನು ಕೆಲವರದು ಮತದಾರರ ಗುರುತಿನ ಚೀಟಿಯಲ್ಲಿ ಮಾತ್ರ. ಆ ಚೀಟಿ ಬರತೊಡಗಿದ್ದು 1993ರಿಂದ. ಅಲ್ಲಿ ಮುದ್ರಣವೇ ಒರಟು, ಎಷ್ಟು ಹೆಚ್ಚಿಸಿದರೂ ಇಲ್ಲದ ವಿವರ ಬರುವುದಿಲ್ಲ. ಆದರೂ ಅದು ಆಕೆಯ ಮುಖ. ಅದನ್ನು ಬಿಡಬೇಡಿ, ಲ್ಯಾಮಿನೇಶನ್ ಹರಿಯಲೂ ಬೇಡಿ.

ಇಲ್ಲಿಯೇ ಒಂದು ಎಚ್ಚರಿಕೆ. ಮಸುಕಾದ ಮುಖವನ್ನು ‘ಸ್ಪಷ್ಟ’ ಮಾಡಿಕೊಡುವ ಎಐ ಆ್ಯಪ್‌ಗಳು ಈಗ ಹುಡುಗರ ಮೊಬೈಲಿನಲ್ಲೆಲ್ಲ ಇವೆ. ಅವು ಹಳೆಯ ಮುಖವನ್ನು ಬೆಳಗಿಸುವುದಿಲ್ಲ; ಲಕ್ಷಾಂತರ ಬೇರೆ ಮುಖಗಳಿಂದ ಕಲಿತದ್ದನ್ನು ಆಧರಿಸಿ ಹೊಸ ಕಣ್ಣು, ಹೊಸ ಹಲ್ಲು, ಹೊಸ ಚರ್ಮ ಬರೆಯುತ್ತವೆ. ಕಾಣುವುದು ಚಂದ, ಆದರೆ ಅದು ನಿಮ್ಮ ಮುತ್ತಜ್ಜಿಯ ಮುಖವಲ್ಲ. ಬಣ್ಣ ತುಂಬುವ ಆ್ಯಪ್ ಕೂಡ ಸೀರೆಯ ಬಣ್ಣವನ್ನು ಊಹಿಸುತ್ತದೆ ಅಷ್ಟೆ. ಆ ಇಳಕಲ್ ಸೀರೆ ಹಸಿರೋ ದಾಳಿಂಬೆ ಬಣ್ಣವೋ ಎಂದು ಹೇಳುವವರು ಮನೆಯಲ್ಲೇ ಇದ್ದಾಗ ಅವರನ್ನು ಕೇಳುವುದು ಲೇಸು. ಬೇಕಿದ್ದರೆ ಆ್ಯಪ್ ಬಳಸಿ. ಮೂಲ ಸ್ಕ್ಯಾನನ್ನು ಅಳಿಸಬೇಡಿ, ತಿದ್ದಿದ ಚಿತ್ರದ ಕಡತಕ್ಕೆ ‘ತಿದ್ದಿದ್ದು’ ಎಂದು ಹೆಸರಿಡಿ.

ವರ್ಷ ಪತ್ತೆ ಹಚ್ಚುವುದು

ಈ ಭಾಗದ ಕಾಗದಗಳಿಗೆ ಒಂದು ವಿಶೇಷ ಅನುಕೂಲವಿದೆ. ಆಳಿದವರೂ ರಾಜ್ಯದ ಹೆಸರೂ ಜಿಲ್ಲೆಯ ಹೆಸರೂ ಮತ್ತೆ ಮತ್ತೆ ಬದಲಾದ್ದರಿಂದ ವಿಳಾಸದ ಸಾಲೇ ಕಾಲವನ್ನು ಹೇಳುತ್ತದೆ. ಶಾಲೆಯ ಪ್ರಮಾಣಪತ್ರದ ಮೇಲೆ ಹೈದರಾಬಾದ್ ರಾಜ್ಯ ಎಂದಿದ್ದರೆ ಅದು 1956ರ ನವೆಂಬರ್ 1ಕ್ಕಿಂತ ಹಿಂದಿನದು. ಮೈಸೂರು ರಾಜ್ಯ ಎಂದಿದ್ದರೆ 1956 ಮತ್ತು 1973ರ ನಡುವಿನದು. ಶಹಾಪುರದ ಲಗ್ನಪತ್ರಿಕೆಯಲ್ಲಿ ‘ಜಿಲ್ಲಾ: ಗುಲಬರ್ಗಾ’ ಎಂದಿದ್ದರೆ ಬಹುಮಟ್ಟಿಗೆ ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ 2010ರ ಹಿಂದಿನದು. ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಅಂಚೆ ಕಾರ್ಡಿನ ವಿಳಾಸದಲ್ಲಿ ಸುರಪುರಕ್ಕೆ 585224, ಶಹಾಪುರಕ್ಕೆ 585223 ಎಂದು ಪಿನ್ ಬರೆದಿದ್ದರೆ ಅದು 1972ರ ಆಗಸ್ಟ್ 15ರ ಈಚಿನದು, ಪಿನ್ ಕೋಡ್ ಜಾರಿಗೆ ಬಂದದ್ದೇ ಅಂದು.

ಲಗ್ನಪತ್ರಿಕೆಯಲ್ಲಿ ಇಸವಿ ಹರಿದುಹೋಗಿದ್ದರೂ ಶಾಲಿವಾಹನ ಶಕೆ ಮತ್ತು ಸಂವತ್ಸರದ ಹೆಸರು ಉಳಿದಿರುತ್ತದೆ. ಶಕೆಗೆ 78 ಕೂಡಿಸಿದರೆ ಇಸವಿ: ಶಕೆ 1894, ಪರಿಧಾವಿ ಸಂವತ್ಸರ ಎಂದರೆ 1972–73. ಸಂವತ್ಸರದ ಹೆಸರೊಂದೇ ಉಳಿದಿದ್ದರೆ 60 ವರ್ಷಕ್ಕೊಮ್ಮೆ ಅದೇ ಹೆಸರು ಬರುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ನಿಜಾಮ ಸರ್ಕಾರದ ಕಾಗದಗಳಲ್ಲಿ ಕಾಣುವುದು ಫಸಲಿ ವರ್ಷ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. 1357 ಫಸಲಿ ಎಂದರೆ 1947–48, ರಜಾಕಾರರ ಹಾವಳಿಯ ವರ್ಷ. ಆಯೇರಿ ಪಟ್ಟಿಯಲ್ಲಿ ‘ಹಾಲಿ’ ರೂಪಾಯಿ ಎಂದು ಬರೆದಿದ್ದರೆ ಅದೂ ಹೈದರಾಬಾದ್ ನಾಣ್ಯ ನಡೆಯುತ್ತಿದ್ದ ಕಾಲದ್ದು.

ಫೋಟೊದ ಬೆನ್ನಿನಲ್ಲೋ ಖರೀದಿ ಪತ್ರದಲ್ಲೋ ಉರ್ದು ಬರಹವಿದ್ದರೆ ‘ಓದಲಾಗದ್ದು’ ಎಂದು ಬದಿಗಿಡಬೇಡಿ. ಅಚ್ಚಾದ ಉರ್ದುವನ್ನು ಗೂಗಲ್ ಲೆನ್ಸ್ ತಕ್ಕಮಟ್ಟಿಗೆ ಓದುತ್ತದೆ, ಕೈಬರಹದಲ್ಲಿ ಎಡವುತ್ತದೆ. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು ಈಗ 85 ದಾಟಿದ ಹಿರಿಯರು; ಓಣಿಯಲ್ಲಿ ಅಂಥವರೊಬ್ಬರಿದ್ದರೆ ಈ ವಾರವೇ ಹೋಗಿ ಓದಿಸಿಕೊಳ್ಳಿ. ಇಲ್ಲದಿದ್ದರೆ ಪಕ್ಕದ ಮೊಹಲ್ಲಾದ ಉರ್ದು ಮಾಸ್ತರರ ಬಳಿ ಸ್ಕ್ಯಾನ್ ಪ್ರತಿ ಒಯ್ಯಬಹುದು.

ಹೊರಾಂಗಣದ ಚಿತ್ರವಾದರೆ ಹಿನ್ನೆಲೆ ನೋಡಿ. ಶಹಾಪುರದ ಮಲಗಿದ ಬುದ್ಧನ ಬೆಟ್ಟ, ಯಾದಗಿರಿಯ ಕೋಟೆ ಗುಡ್ಡ, ಸುರಪುರದ ಟೇಲರ್ ಮಂಜಿಲ್, ಮೈಲಾಪುರದ ಗುಡ್ಡ – ಇವುಗಳ ಅಂಚು ಕಂಡರೆ ಊರು ಗೊತ್ತಾಗುತ್ತದೆ, ಯಾವ ಕಡೆಯಿಂದ ತೆಗೆದದ್ದು ಎಂಬುದರಿಂದ ಕೆಲವೊಮ್ಮೆ ಓಣಿಯೂ ಗೊತ್ತಾಗುತ್ತದೆ.

ಹೆಸರು

ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ಬರುವುದನ್ನು ಹಿರಿಯರು ಬಲ್ಲರು. ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷನಿಂದ ಇಂದಿನ ಮಕ್ಕಳವರೆಗೆ ಹೆಸರು ಹೇಳುತ್ತಾರೆ. ಹಿಂದೆ ತಾಮ್ರಪಟ, ಓಲೆಗರಿಗಳಲ್ಲಿದ್ದದ್ದು ಈಗ ಪುಸ್ತಕಗಳಲ್ಲಿದೆ. ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳು-ಕಡಿ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಹೆಳವರ ಬಳಿ ಹೆಸರುಗಳಿವೆ, ಮುಖಗಳಿಲ್ಲ. ನಮ್ಮ ಟ್ರಂಕಿನಲ್ಲಿ ಮುಖಗಳಿವೆ, ಹೆಸರಿಲ್ಲ. ಇವೆರಡನ್ನೂ ಒಂದೇ ಪುಟಕ್ಕೆ ತರುವುದೇ ಡಿಜಿಟಲ್ ಸ್ಕ್ರ್ಯಾಪ್‌ಬುಕ್ಕಿನ ನಿಜವಾದ ಕೆಲಸ. ನಿಮ್ಮ ಮನೆಗೆ ಹೆಳವರು ಬರುವವರಿದ್ದರೆ ಅವರ ಒಪ್ಪಿಗೆ ಕೇಳಿ ವಂಶಾವಳಿ ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಿ, ಸಲ್ಲಬೇಕಾದ್ದನ್ನು ಪೂರ್ತಿ ಸಲ್ಲಿಸಿ. ಆ ಪುಸ್ತಕವೇ ಅವರ ಜೀವನೋಪಾಯ. ಕೇಳದೆ ಅದರ ಪುಟಗಳ ಫೋಟೊ ತೆಗೆಯುವುದು ಸಲ್ಲದು.

ಚಿತ್ರಕ್ಕೆ ಮಾತು ಕೂಡಿದರೆ ಅದು ಎಷ್ಟು ಕಾಲ ನಿಲ್ಲುತ್ತದೆ ಎಂಬುದಕ್ಕೆ ಸುರಪುರದ ನಂಟಿನಲ್ಲೇ ಸಾಕ್ಷಿ ಇದೆ. 1853ರವರೆಗೆ ಸುರಪುರದಲ್ಲಿ ಬ್ರಿಟಿಷ್ ರಾಜಕೀಯ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರ್, 1866ರಲ್ಲಿ ಲಂಡನ್ನಿನಲ್ಲಿ ಬಂದ ಧಾರವಾಡ–ಮೈಸೂರು ಪ್ರಾಂತ್ಯಗಳ ವಾಸ್ತುಶಿಲ್ಪದ ಚಿತ್ರಪುಸ್ತಕಕ್ಕೆ ಚರಿತ್ರೆ ಬರೆದುಕೊಟ್ಟ. ಅದರ ಫೋಟೊಗಳನ್ನು ತೆಗೆದವರು ಪಿಗೌ, ನೀಲ್, ಬಿಗ್ಸ್. ಫೋಟೊವನ್ನು ಅಕ್ಷರದಂತೆ ಅಚ್ಚು ಹಾಕುವ ಸುಲಭ ವಿಧಾನ ಆಗ ಇರಲಿಲ್ಲವಾದ್ದರಿಂದ ನಿಜವಾದ ಫೋಟೊಗಳನ್ನೇ ಪುಟಗಳಿಗೆ ಅಂಟಿಸುತ್ತಿದ್ದರು. ಟೇಲರ್ 1876ರಲ್ಲಿ ತೀರಿಕೊಂಡ. ಮರುವರ್ಷ ಅವನ ಆತ್ಮಕಥೆಯನ್ನು ಸಂಪಾದಿಸಿ ಹೊರತಂದವಳು ಮಗಳು ಆಲಿಸ್. ಸುರಪುರದ ಅರಮನೆಯ ಒಳಸುದ್ದಿಗಳನ್ನು ನಾವು ಇಂದಿಗೂ ಓದುತ್ತಿರುವುದು ಆ ಮಗಳ ಶ್ರದ್ಧೆಯಿಂದ. ನಮ್ಮ ಕಾಲದಲ್ಲಿ ಅನುಷಾ ಯಾದವ್ 2010ರಲ್ಲಿ ಆರಂಭಿಸಿದ ಇಂಡಿಯನ್ ಮೆಮೊರಿ ಪ್ರಾಜೆಕ್ಟ್ ಕೂಡ ಇದೇ ದಾರಿಯದು: ದೇಶದ ಮನೆಮನೆಯ ಹಳೆಯ ಚಿತ್ರಗಳು ಅಲ್ಲಿವೆ, ಪ್ರತಿಯೊಂದರ ಜೊತೆಗೂ ಮನೆಯವರೇ ಹೇಳಿದ ಕಥೆಯಿದೆ.

ಕೇಳುವ ಕ್ರಮ ಹೀಗಿರಲಿ. ಹಿರಿಯರ ಕೈಗೆ ಚಿತ್ರವನ್ನು ಕೊಡಿ. ಮೊಬೈಲ್ ತೆರೆಯಲ್ಲಿ ತೋರಿಸುವುದಕ್ಕಿಂತ ಇದು ಹೆಚ್ಚು ಮಾತಾಡಿಸುತ್ತದೆ. ರೆಕಾರ್ಡರ್ ಹಚ್ಚಿ ಪಕ್ಕದಲ್ಲಿಡಿ. ಫ್ಯಾನಿನ ಸದ್ದು ಎಲ್ಲವನ್ನೂ ನುಂಗುತ್ತದೆ, ಹಾಗಾಗಿ ಬೇಸಿಗೆಯಲ್ಲಿ ನಸುಕಿನಲ್ಲೇ ಕೂರಬೇಕು. ಬರಿದಾದ ಕೋಣೆಯಲ್ಲಿ ದನಿ ಮಾರ್ದನಿಸಿದರೆ ನೆಲಕ್ಕೆ ಎರಡು ಕೌದಿ ಹಾಸಿ, ತಗ್ಗುತ್ತದೆ. ‘ಯಾವ ಇಸವಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ‘ರಜಾಕಾರರ ಗದ್ದಲದ ಮುಂಚೆಯೋ ಆಮೇಲೋ? 72ರ ಬರದಾಗ ಇವರು ಇದ್ದರೇನು? ಡ್ಯಾಮ್ ಕಟ್ಟೋ ಮುಂದ ನೀವು ಎಲ್ಲಿದ್ರಿ?’ ಎಂದು ಕೇಳಿ. ಎಡದಿಂದ ಬಲಕ್ಕೆ ಒಬ್ಬೊಬ್ಬರ ಮೇಲೆ ಬೆರಳಿಡಿಸಿ ಹೆಸರು ಹೇಳಿಸಿ. ಹೆಣ್ಣುಮಕ್ಕಳದು ತವರಿನ ಊರೂ ಬರಲಿ. ಆಲ್ಬಮ್‌ಗಳಲ್ಲಿ ಹೆಂಗಸರು ‘ಇಂಥವರ ಹೆಂಡತಿ’ ಎಂದಷ್ಟೇ ಉಳಿದುಬಿಡುತ್ತಾರೆ, ಅದನ್ನು ನಾವು ಈಗ ಸರಿಪಡಿಸಬಹುದು. ಹೆಸರು ಮುಗಿದ ಮೇಲೂ ಯಂತ್ರ ಆರಿಸಬೇಡಿ. ಬೀಸುವ ಪದ, ಸೋಬಾನೆ ಪದ, ಮೊಹರಂನ ಅಲಾಯಿ ಪದ ಬರುವುದು ಆಗಲೇ.

ಟಿಪ್ಪಣಿ ಬರೆಯುವಾಗ ದಯವಿಟ್ಟು ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ‘ಇಕಿ ನಮ್ಮ ದೊಡ್ಡವ್ವ. ಸೀರಿ ಹಸರ ಇತ್ತು, ದಡಿ ಕೆಂಪು. ತಿಂಥಣಿ ಜಾತ್ರ್ಯಾಗ ತೆಗಸಿದ್ದು, ಆಗಿನ್ನೂ ನಾ ಹುಟ್ಟಿದ್ದಿಲ್ಲ’ ಎಂದು ಅಜ್ಜಿ ಹೇಳಿದರೆ ಹಾಗೆಯೇ ಬರೆಯಿರಿ. ಮೊಬೈಲಿನ ಕನ್ನಡ ಧ್ವನಿ ಟೈಪಿಂಗ್ ಕೆಲಸ ಹಗುರ ಮಾಡುತ್ತದೆ, ಆದರೆ ನಮ್ಮ ಕಡೆಯ ಮಾತನ್ನು ತನಗೆ ಗೊತ್ತಿದ್ದ ರೂಪಕ್ಕೆ ಎಳೆಯುತ್ತದೆ. ಬರೆದದ್ದನ್ನು ಧ್ವನಿಯೊಡನೆ ಹೋಲಿಸಿ ನೋಡಿ.

ಕಡತಕ್ಕೆ ಇಡುವ ಹೆಸರಿನಲ್ಲಿ ವರ್ಷ ಮೊದಲು ಬರಲಿ: ‘1972-05-ಶಹಾಪುರ-ಲಗ್ನ-01’. ಆಗ ಕಂಪ್ಯೂಟರ್ ತಾನೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ವರ್ಷ ಖಚಿತವಿಲ್ಲದಿದ್ದರೆ ‘1972-ಸುಮಾರು’ ಎಂದಿಡಿ. ಊರಿನ ಹೆಸರನ್ನು ಒಂದೇ ರೀತಿ ಬರೆಯುವ ನಿಯಮ ಮಾಡಿಕೊಳ್ಳಿ; ಒಂದು ಕಡೆ ಸುರಪುರ, ಇನ್ನೊಂದು ಕಡೆ ಶೋರಾಪುರ ಎಂದಿದ್ದರೆ ಹುಡುಕಿದಾಗ ಅರ್ಧ ಚಿತ್ರಗಳಷ್ಟೇ ಸಿಗುತ್ತವೆ. ಗೂಗಲ್ ಫೋಟೋಸ್‌ನಲ್ಲಿ ಚಿತ್ರದ ಕೆಳಗೆ ಬರೆದ ವಿವರಣೆಯನ್ನೇ ನೆಚ್ಚಬೇಡಿ: ಗೂಗಲ್‌ನದೇ ಟೇಕ್‌ಔಟ್ ಸೌಲಭ್ಯದ ಮೂಲಕ ಎಲ್ಲವನ್ನೂ ಇಳಿಸಿಕೊಂಡಾಗ ಅದು ಚಿತ್ರದೊಳಗೆ ಇರದೆ ಬೇರೊಂದು ಕಡತದಲ್ಲಿ ಬರುತ್ತದೆ. ಕಡತದ ಹೆಸರು, ಜನರ ಹೆಸರು, ಊರು, ವರ್ಷ, ಹೇಳಿದವರು ಯಾರು ಎಂಬ ಐದು ಅಂಕಣಗಳ ಒಂದು ಪಟ್ಟಿಯನ್ನು ಎಕ್ಸೆಲ್‌ನಲ್ಲೋ ಗೂಗಲ್ ಶೀಟ್‌ನಲ್ಲೋ ಇಟ್ಟುಕೊಳ್ಳಿ. ಹೇಳಿದವರ ಅಂಕಣ ಮುಖ್ಯ, ಏಕೆಂದರೆ ಇಬ್ಬರು ಹಿರಿಯರು ಒಂದೇ ಮುಖಕ್ಕೆ ಎರಡು ಹೆಸರು ಹೇಳುವುದುಂಟು. ಎರಡನ್ನೂ ಬರೆದಿಡಿ.

ಪುಟ ಕಟ್ಟುವುದು

ಇಷ್ಟಾದ ಮೇಲೆ ಪುಟ ವಿನ್ಯಾಸ ಸಂತೋಷದ ಕೆಲಸ. ಅಮೆರಿಕದ ಸ್ಕ್ರ್ಯಾಪ್‌ಬುಕ್ ಟೆಂಪ್ಲೇಟುಗಳು ಹೆಚ್ಚಾಗಿ 12×12 ಇಂಚಿನವು. ನಮ್ಮ ತಾಲ್ಲೂಕು ಕೇಂದ್ರದ ಅಂಗಡಿಗಳಲ್ಲಿ ಸುಲಭವಾಗಿ ಮುದ್ರಿಸಬಹುದಾದದ್ದು ಎ4. ಅದನ್ನೇ ಆರಿಸಿಕೊಳ್ಳಿ, 300 ಡಿಪಿಐನಲ್ಲಿ 2480×3508 ಚುಕ್ಕೆ. ಕ್ಯಾನ್ವಾ ಮೊಬೈಲಿನಲ್ಲೇ ನಡೆಯುತ್ತದೆ, ಕನ್ನಡ ಫಾಂಟುಗಳೂ ಸಿಗುತ್ತವೆ. ಕಂಪ್ಯೂಟರ್ ಇದ್ದವರಿಗೆ ಪವರ್‌ಪಾಯಿಂಟ್ ಅಥವಾ ಉಚಿತ ಲಿಬ್ರೆಆಫೀಸ್ ಧಾರಾಳ ಸಾಕು. ಅಂಚು, ಹೂವು, ಚಿಟ್ಟೆಗಳ ಅಲಂಕಾರಕ್ಕಿಂತ ಮನೆಯದೇ ವಸ್ತುವನ್ನು ಹಿನ್ನೆಲೆ ಮಾಡಿ: ಅಜ್ಜಿಯ ಸೀರೆಗಳ ತುಂಡಿನಿಂದ ಹೊಲಿದ ಕೌದಿಯ ಒಂದು ಮೂಲೆ, ಇಳಕಲ್ ಸೀರೆಯ ಸೆರಗು, ಆಯೇರಿ ಪುಸ್ತಕದ ಒಂದು ಪುಟ. ಕೌದಿಯನ್ನೇ ಹರಡಿ, ಯಾವ ತುಂಡು ಯಾರ ಸೀರೆಯದೆಂದು ಬರೆದು ಒಂದು ಪುಟ ಮಾಡಿದರೆ ಅದು ಯಾವ ಫೋಟೊಗೂ ಕಡಿಮೆಯಲ್ಲ.

ಅಕ್ಷರದ ವಿಷಯದಲ್ಲಿ ಒಂದು ಕಂಟಕವಿದೆ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ, ಶ್ರೀಲಿಪಿ ಮಾದರಿಯ ಫಾಂಟುಗಳು ನಡೆಯುತ್ತಿವೆ. ಅವುಗಳಲ್ಲಿ ಕನ್ನಡ ಕಾಣುವುದು ತೋರಿಕೆಗೆ ಮಾತ್ರ. ಒಳಗೆ ಕಂಪ್ಯೂಟರ್ ಉಳಿಸಿಕೊಂಡಿರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ನಿಮ್ಮ ಅಜ್ಜನ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ, ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲೇ ಬರೆಯಿರಿ. ನೋಟೊ ಸಾನ್ಸ್ ಕನ್ನಡ, ತಿರೊ ಕನ್ನಡ, ಬಾಲೂ ತಮ್ಮ – ಇವೆಲ್ಲ ಉಚಿತ. ಫೋಟೊಶಾಪ್‌ನಲ್ಲಿ ಒತ್ತಕ್ಷರ ಒಡೆದು ಬಂದರೆ ಪ್ಯಾರಾಗ್ರಾಫ್ ಹೊಂದಿಕೆಯಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು, ಸರಿಯಾಗುತ್ತದೆ.

ಧ್ವನಿಯನ್ನೂ ಪುಟಕ್ಕೆ ಕಟ್ಟಬಹುದು. ಅಜ್ಜಿಯ ಹಾಡನ್ನು ಗೂಗಲ್ ಡ್ರೈವ್‌ಗೆ ಏರಿಸಿ, ಅದರ ಕೊಂಡಿಗೆ ಕ್ಯೂಆರ್ ಕೋಡ್ ಮಾಡಿ ಪುಟದ ಮೂಲೆಯಲ್ಲಿಟ್ಟರೆ ಮೊಬೈಲ್ ಹಿಡಿದವರಿಗೆ ಹಾಡು ಕೇಳುತ್ತದೆ. ಕೊಂಡಿ ಎಂದಾದರೂ ಸತ್ತೀತು ಎಂಬ ಲೆಕ್ಕದಲ್ಲಿ ಹಾಡಿನ ಮೊದಲ ಸಾಲುಗಳನ್ನು ಪಕ್ಕದಲ್ಲೇ ಬರೆದಿಡಿ.

ಪಹಣಿ, ಆಧಾರ್, ಬ್ಯಾಂಕಿನ ಕಾಗದಗಳನ್ನು ಈ ಪುಸ್ತಕದಲ್ಲಿ ಬೆರೆಸಬಾರದು. ನೆನಪಿನ ಪುಸ್ತಕ ಹತ್ತು ಜನರ ಕೈಗೆ ಹೋಗುತ್ತದೆ. ಅಂಥವು ಬೇರೆ ಕಡತದಲ್ಲಿರಲಿ. ಮನೆಯ ಹೆಣ್ಣುಮಕ್ಕಳ, ಮಕ್ಕಳ ಚಿತ್ರಗಳನ್ನು ಗುಂಪುಗಳಿಗೆ ಹಾಕುವ ಮುನ್ನ ಅವರನ್ನೇ ಕೇಳಬೇಕು.

ಎಲ್ಲಿ ಇಡುವುದು

ವಾಟ್ಸ್ಆ್ಯಪ್ ಸಾಗಿಸುವ ಗಾಡಿ, ಕಾಪಿಡುವ ಕಣಜವಲ್ಲ. ಸಾಮಾನ್ಯವಾಗಿ ಕಳಿಸಿದ ಚಿತ್ರದ ಉದ್ದನೆಯ ಬದಿ 1600 ಚುಕ್ಕೆಯ ಆಸುಪಾಸಿಗೆ ಕುಗ್ಗುತ್ತದೆ, ತೆಗೆದ ದಿನಾಂಕದ ಮಾಹಿತಿಯೂ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮಾತ್ರ ಇದ್ದದ್ದು ಇದ್ದಂತೆ ಹೋಗುತ್ತದೆ. ಆನ್‌ಲೈನ್ ತಾಣಗಳನ್ನೂ ಶಾಶ್ವತ ಎನ್ನಲಾಗದು: ಆರ್ಕುಟ್ 2014ರಲ್ಲಿ ಮುಚ್ಚಿತು, ಪಿಕಾಸಾ 2016ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ. ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತು, ಈಗ ಜಿಮೇಲ್ ಸೇರಿ 15 ಜಿಬಿ. ಎರಡು ವರ್ಷ ಯಾರೂ ತೆರೆಯದ ಖಾತೆಯನ್ನು ಅಳಿಸುವ ಹಕ್ಕನ್ನೂ ಗೂಗಲ್ ಇಟ್ಟುಕೊಂಡಿದೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರು ‘ಇನ್ಯಾಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬಲ್ಲಿ ಮನೆಯ ಇನ್ನೊಬ್ಬರ ಹೆಸರು ಸೂಚಿಸಿಟ್ಟರೆ, ಅವರು ಇಲ್ಲದ ಕಾಲಕ್ಕೂ ಚಿತ್ರಗಳು ಮನೆಯವರ ಕೈಗೆ ಸಿಗುತ್ತವೆ.

ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ – ಇದು ಛಾಯಾಗ್ರಾಹಕರ ಲೋಕದಲ್ಲಿ ಒಪ್ಪಿತವಾದ ನಿಯಮ. ನಮ್ಮ ಜಿಲ್ಲೆಯವರಿಗೆ ಕೊನೆಯದು ಕಷ್ಟವೇ ಅಲ್ಲ. ಗುಳೆ ಹೋದವರು, ನೌಕರಿಗೆ ಹೋದವರು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿನಲ್ಲಿ ಎಲ್ಲ ಮನೆಗೂ ಒಬ್ಬರಾದರೂ ಇದ್ದಾರೆ. ಎಳ್ಳಮಾಸಿಗೋ ಜಾತ್ರೆಗೋ ಬಂದಾಗ ಅವರ ಕೈಗೊಂದು ಪೆನ್‌ಡ್ರೈವ್ ಕೊಟ್ಟು ಕಳಿಸಿ, ಮುಂದಿನ ಸಲ ಬಂದಾಗ ಹೊಸ ಚಿತ್ರ ಸೇರಿಸಿ ಕಳಿಸಿ. ವರ್ಷಕ್ಕೊಮ್ಮೆ ತೆರೆದು ನೋಡದ ಪೆನ್‌ಡ್ರೈವನ್ನು ನಂಬಬಾರದು. ಹೊಸ ಮದುವೆಗಳಿಗೆ ಇನ್ನೂ ಸುಲಭ: ಕರಿಜ್ಮಾ ಆಲ್ಬಮ್ ಕೈಗೆ ಬಂದ ದಿನವೇ ಸ್ಟುಡಿಯೋದವರಿಂದ ಮೂಲ ಚಿತ್ರಗಳನ್ನೂ ಕೇಳಿ ಪಡೆಯಿರಿ, ಅವರು ಅವನ್ನು ಬಹುಕಾಲ ಇಟ್ಟುಕೊಳ್ಳುವುದಿಲ್ಲ.

ಸ್ಕ್ಯಾನ್ ಆಯಿತೆಂದು ಮೂಲ ಫೋಟೊಗಳನ್ನು ಎಸೆಯಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಒಮ್ಮೆ ಮಾಡಿದರೆ ಮತ್ತೆ ಬಿಡಿಸಲಾಗದು. ಬಿಳಿ ಕಾಗದದ ಲಕೋಟೆಗಳಲ್ಲಿ ಹಾಕಿ, ಹೊರಗಡೆ ಪೆನ್ಸಿಲ್ಲಿನಲ್ಲಿ ಕಡತದ ಹೆಸರನ್ನೇ ಬರೆದು, ಪತ್ರಾಸಿನ ಕೆಳಗಿಂದ ತೆಗೆದು ಮನೆಯ ತಂಪಾದ ಒಳಕೋಣೆಯ ಕಪಾಟಿನಲ್ಲಿ, ನೆಲದಿಂದ ಎತ್ತರಕ್ಕೆ ಇಡಿ.

ಕಟ್ಟಿದ ಪುಟಗಳನ್ನು ಪಿಡಿಎಫ್ ಮಾಡಿ ಒಂದು ಪ್ರತಿ ಮುದ್ರಿಸಿ ಬೈಂಡ್ ಮಾಡಿಸಿ. ಪ್ರತಿ ಪುಟದ ಕೆಳಗೆ ಮೂರು ಬೆರಳು ಜಾಗ ಖಾಲಿ ಬಿಡಿ, ಪುಸ್ತಕಕ್ಕೊಂದು ಪೆನ್ಸಿಲ್ ಕಟ್ಟಿ ಮುಂದಿನ ಮದುವೆಗೋ ತೊಟ್ಟಿಲ ಕಾರ್ಯಕ್ಕೋ ಒಯ್ಯಿರಿ. ಗುರುತು ಸಿಗದೆ ಉಳಿದ ಮುಖಗಳ ಪುಟಗಳನ್ನು ಮೊದಲಿಗೇ ಇಟ್ಟಿರಿ. ಬೀಗರ ಊರಿನಿಂದ ಬಂದ ಯಾರಾದರೂ ಹೆಸರು ಬರೆದರೆ, ಬರೆದವರು ಯಾರೆಂದು ಅಲ್ಲೇ ಕೇಳಿಕೊಂಡು, ಮನೆಗೆ ಬಂದ ದಿನವೇ ಪಟ್ಟಿಗೆ ಸೇರಿಸಿ.